ಶೀಟಿನ ಕೋಣೆಯ ಚಳಿ

ಬಾಗಲಗುಂಟೆ
೧೨ ಡಿಸೆಂಬರ್, ಶುಕ್ರವಾರ ಬೆಳಗ್ಗೆ

ಯಜಮಾನರಿಗೆ ಸೀತಾಲಕ್ಷ್ಮಿಯ ನಮಸ್ಕಾರಗಳು.

ಉಬ್ಬಸ ಹೇಗಿದೆ? ರಾತ್ರಿ ಮಲಗಿ ನಿದ್ದೆ ಮಾಡುತ್ತೀರೋ, ಇಲ್ಲಿಯ ಹಾಗೆ ದಿಂಬನ್ನು ಬೆನ್ನಿಗೆ ಕೊಟ್ಟು ಕೂತೇ ಬೆಳಗು ಮಾಡುತ್ತೀರೋ, ನಿಜ ಬರೆಯಿರಿ. ಆ ಬಾಯಿಗೆ ಹಿಡಿಯುವ ಪಂಪನ್ನು ಒತ್ತಿದಾಗ ಉಸಿರನ್ನು ಒಳಗೆ ಎಳೆದುಕೊಳ್ಳಬೇಕು. ನೀವು ಶಂಖ ಊದುವ ಹಾಗೆ ಹೊರಗೆ ಊದಿ, ಔಷಧಿಯನ್ನೆಲ್ಲ ಗೋಡೆಗೆ ಕುಡಿಸುತ್ತೀರಿ. ಗೌರಿ ಕೆಲಸಕ್ಕೆ ಹೋದ ಮೇಲೆ ಅದನ್ನು ನೋಡುವವರು ಯಾರು? ನಿಮ್ಮ ಮೊಮ್ಮಗಳು ಸಮೀಕ್ಷಾಗೆ ಹೇಳಿ. ಆ ಮಗು ನನ್ನ ಹಾಗೆ ಜೋರು, ಎದುರಿಗೆ ನಿಂತು ಎಳೆಸುತ್ತಾಳೆ. ಅಳಿಯಂದಿರ ಬೆನ್ನುನೋವು ಕಡಿಮೆಯಾಯಿತೇ? ಊಟ ಹೊಂದಿಕೆಯಾಗುತ್ತಿದೆಯೇ? ಕುಂದಾಪುರದ ಕುಚ್ಚಲಕ್ಕಿ ನಿಮ್ಮ ಹೊಟ್ಟೆಗೆ ಒಗ್ಗುವುದಿಲ್ಲ ಎಂದು ನನಗೆ ಗೊತ್ತು. ಅದನ್ನು ಮಗಳ ಮುಂದೆ ಹೇಳುವ ಧೈರ್ಯ ನಿಮಗಿಲ್ಲ ಎನ್ನುವುದೂ ಗೊತ್ತು.

ದಿನಾ ಫೋನು ಮಾಡುತ್ತೇವಲ್ಲ, ಕಾಗದ ಯಾಕೆ ಎನ್ನುತ್ತೀರಿ. ಫೋನಿನಲ್ಲಿ ನಾನು ಹತ್ತು ಮಾತು ಹೇಳಿದರೆ ನೀವು ಒಂದು ಹ್ಞೂಂ ಎನ್ನುತ್ತೀರಿ. ನಿಮ್ಮ ಕಿವಿಯನ್ನು ಕಾರ್ಖಾನೆಯ ಪ್ರೆಸ್ ಶಾಪಿನ ಸದ್ದು ತಿಂದು ಹಾಕಿದೆ, ಅದಕ್ಕೆ ನಾನು ಯಾರನ್ನೂ ದೂರುವುದಿಲ್ಲ. ಆದರೆ ನಿಮಗೆ ಕೇಳಲಿ ಎಂದು ಗೌರಿ ಫೋನಿನ ಸ್ಪೀಕರ್ ಹಾಕುತ್ತಾಳೆ. ಆಗ ನಾನು ನಿಮ್ಮೊಬ್ಬರಿಗೆ ಹೇಳಬೇಕೆಂದುಕೊಂಡದ್ದನ್ನು ಅಳಿಯ, ಮೊಮ್ಮಗಳು, ಪಾತ್ರೆ ತೊಳೆಯುವವಳು, ಎಲ್ಲರೂ ಕೇಳುತ್ತಾರೆ. ಗಂಡನೊಡನೆ ಹಾಗೆ ಸಭೆಯಲ್ಲಿ ಮಾತನಾಡಿ ನನಗೆ ಅಭ್ಯಾಸವಿಲ್ಲ. ಕಾಗದವಾದರೆ ನೀವು ಕನ್ನಡಕ ಹಾಕಿಕೊಂಡು ಮೂಲೆಯಲ್ಲಿ ಕೂತು ಓದುತ್ತೀರಿ. ಎಸ್ಸೆಸ್ಸೆಲ್ಸಿಯಲ್ಲಿ ನನ್ನ ಅಕ್ಷರ ಚೆನ್ನಾಗಿದೆ ಎಂದು ಮೇಷ್ಟರು ಇಡೀ ತರಗತಿಗೆ ತೋರಿಸಿದ್ದರು. ಅದಕ್ಕೂ ಒಂದು ಉಪಯೋಗವಾಗಲಿ.

ಮೊನ್ನೆ ಗೌರಿ ಫೋನಿನಲ್ಲಿ ಅಂದ ಮಾತು ನಿಮಗೆ ಕೇಳಿಸಿತೋ ಇಲ್ಲವೋ. "ಶಿವರಾತ್ರಿ ಕಳೆಯೋವರ್ಗೂ ಅಪ್ಪನ್ನ ಅಲ್ಲಿಗೆ ಕಳ್ಸಲ್ಲಮ್ಮ. ಅದು ರೂಮಲ್ಲ, ಫ್ರಿಜ್ಜು." ನಾವು ಬದುಕಿದ ಕೋಣೆ, ಅವಳೇ ಕೂತು ಓದಿ ಪಾಸಾದ ಕೋಣೆ ಈಗ ಫ್ರಿಜ್ಜು. ಕೋಪ ಬಂತು, ಆಮೇಲೆ ಯೋಚಿಸಿದೆ. ಅವಳ ಮಾತಿನಲ್ಲಿ ತಪ್ಪೇನೂ ಇಲ್ಲ. ಮುಂದಿನ ಭಾಗವನ್ನು ಕೊರಿಯರ್‌ನವರ ಗೋಡೌನಿಗೆ ಬಾಡಿಗೆ ಕೊಟ್ಟು ನಾವು ಹಿಂದಿನ ಶೀಟಿನ ಕೋಣೆಗೆ ಬಂದಾಗ, ಅಲ್ಲಿ ಬೆಳಗ್ಗೆಯಿಂದ ಮಧ್ಯಾಹ್ನದವರೆಗೂ ನಿಮ್ಮ ಮಂಚದ ಮೇಲೆ ಬಿಸಿಲು ಬೀಳುತ್ತಿತ್ತು. ನೀವು ಪೇಪರು ಹಿಡಿದುಕೊಂಡು ಬೆಕ್ಕಿನ ಹಾಗೆ ಬಿಸಿಲಿನ ಜೊತೆ ಸರಿಯುತ್ತಿದ್ದಿರಿ. ಪಕ್ಕದ ಪಿಳ್ಳಮ್ಮನ ಮಗ ನಾಲ್ಕಂತಸ್ತಿನ ಪೀಜಿ ಕಟ್ಟಡ ಎಬ್ಬಿಸಿದ ಮೇಲೆ ಬಿಸಿಲು ಹೋಯಿತು. ಹೋದ ವರ್ಷದಿಂದ ಗೋಡೆ ಒಣಗಿಲ್ಲ. ನಿಮ್ಮ ಎದೆ ಕಟ್ಟಿದ್ದೂ ಆಗಲೇ.

ಅವತ್ತು ನಾನು ಕಾಂಪೌಂಡಿನ ಹತ್ತಿರ ನಿಂತು, ಬಿಸಿಲಿಗೂ ಬಾಡಿಗೆ ವಸೂಲಿ ಮಾಡುತ್ತೀಯೇನೇ ಎಂದು ಕೇಳಿದ್ದಕ್ಕೆ ಪಿಳ್ಳಮ್ಮ ಸುಮ್ಮನಿದ್ದಳೇ? "ನಮ್ ಮಾವನ ರಾಗಿ ಒಲದಾಗೆ ಮನೆ ಕಟ್ಕಂಡು ನಂಗೇ ಏಳ್ತೀಯಾ ಅಕ್ಕ? ಬಿಸ್ಲೇನು ನಿಮ್ಮಪ್ಪನ ಮನೇದಾ?" ಎಂದಳು. ನೀವು ಕಿವಿ ಕೇಳಿಸದವರಂತೆ ಒಳಗೆ ಹೋದಿರಿ. ಆ ಕ್ಷಣಕ್ಕೆ ನಿಮ್ಮ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು ಎಂದು ನನಗೆ ಈಗಲೂ ಅನುಮಾನ. ಅಂದಿನಿಂದ ಅವಳಿಗೂ ನನಗೂ ಮಾತಿಲ್ಲ. ಬೆಳಗ್ಗೆ ಅವಳು ಅವಳ ಬಾಗಿಲಲ್ಲಿ ನೀರು ಹಾಕುತ್ತಾಳೆ, ನಾನು ನಮ್ಮ ಬಾಗಿಲಲ್ಲಿ ಹಾಕುತ್ತೇನೆ. ಎರಡು ನೀರೂ ಒಂದೇ ಚರಂಡಿಗೆ ಹೋಗುತ್ತವೆ.

ಹೋದ ಬಿಸಿಲನ್ನು ತರಿಸುವುದು ನನ್ನ ಕೈಯಲ್ಲಿಲ್ಲ, ಬರುವ ಚಳಿಯನ್ನು ತಡೆಯುವುದು ನನ್ನ ಕೈಯಲ್ಲಿದೆ ಎಂದುಕೊಂಡು ಕೆಲಸಕ್ಕೆ ಕೈ ಹಾಕಿದೆ. ಗೌರಿ ಕರೆಂಟಿನ ಹೀಟರ್ ಕಳಿಸುತ್ತೇನೆ ಎಂದಳು. ಬೇಡ ಎಂದೆ. ಮಗಳಿಂದ ಕೈಯೊಡ್ಡಿ ಪಡೆಯುವುದು ಒಂದು, ಉಚಿತದ ಯೂನಿಟ್ಟು ದಾಟಿ ಬಿಲ್ಲು ಬರುವುದು ಇನ್ನೊಂದು. ನಿಮ್ಮ ಪಿಂಚಣಿ ಔಷಧಿ ಅಂಗಡಿಯ ಬಾಗಿಲು ದಾಟಿ ಮನೆಗೆ ಬರುವಷ್ಟರಲ್ಲಿ ಏನಾಗಿರುತ್ತದೆ ಎನ್ನುವುದು ನಿಮಗೆ ಹೇಳಬೇಕಾಗಿಲ್ಲ. ಮನೆಯಲ್ಲಿ ಇರುವುದರಲ್ಲಿ, ಬೀದಿಯಲ್ಲಿ ಸಿಗುವುದರಲ್ಲಿ ಮಾಡಿದ್ದೇನೆ. ಓದಿ, ಆಮೇಲೆ ಗೌರಿಗೂ ಓದಲು ಕೊಡಿ.

ಮೊದಲು ಸೂರು. ಗಣೇಶನ ಪೆಂಡಾಲಿನವರು ಬಿಸಾಡಿದ ಫ್ಲೆಕ್ಸು ಗುಜರಿ ಅಂಗಡಿಯಲ್ಲಿ ಬಿದ್ದಿತ್ತು, ಯಾರದೋ ಹುಟ್ಟುಹಬ್ಬದ್ದು. ಅದನ್ನು ಶೀಟಿನ ಮೇಲೆ ಹಾಸಿ, ಗಾಳಿಗೆ ಏಳದ ಹಾಗೆ ಹಳೇ ಇಟ್ಟಿಗೆ ಇಡಿಸಿದ್ದೇನೆ. ಆ ಮನುಷ್ಯನ ಮುಖ ಕೆಳಗೆ ಮಾಡಿದ್ದೇನೆ. ಆಕಾಶ ನೋಡಿಕೊಂಡು ಮೀಸೆ ತಿರುವುತ್ತಾ ನಮ್ಮ ಮನೆಯ ಮೇಲೆ ಯಾಕೆ ಮಲಗಬೇಕು? ಶೀಟಿನ ಒಳಮೈಗೆ ಥರ್ಮಾಕೋಲ್ ಅಂಟಿಸಿದೆ. ಪೀಣ್ಯದ ವರ್ಕ್‌ಶಾಪುಗಳಿಂದ ಬರುವ ಪ್ಯಾಕಿಂಗಿನ ಚೂರುಗಳು ಅದೇ ಗುಜರಿಯಲ್ಲಿ ಮೂಟೆಗಟ್ಟಲೆ ಇದ್ದವು, ಹಳೇ ಪೇಪರು ಕೊಟ್ಟು ಬದಲಿಗೆ ತಂದೆ. ಮೈದಾ ಅಂಟು ಕಾಸಿ ಸ್ಟೂಲಿನ ಮೇಲೆ ನಿಂತು ನಾನೇ ಅಂಟಿಸಿದ್ದು. ಬೈಯಬೇಡಿ, ಬಿದ್ದಿಲ್ಲ. ಕಿಟಕಿಯ ಗಾಜಿನ ಪಟ್ಟಿಗಳು ಕೆಲವು ಮುರಿದು ಹೋಗಿದ್ದವಲ್ಲ, ಅಲ್ಲಿ ರಟ್ಟು ಹೊಡೆದು, ಅದರ ಮೇಲೆ ಕ್ಯಾಲೆಂಡರು ಅಂಟಿಸಿದ್ದೇನೆ. ಮೇಲಿನ ವೆಂಟಿಲೇಟರ್ ಎರಡನ್ನೂ ಬಟ್ಟೆ ತುರುಕಿ ಮುಚ್ಚಿದ್ದಾಯಿತು. ನೆಲಕ್ಕೆ ಗೋಣಿಚೀಲ, ಅದರ ಮೇಲೆ ಚಾಪೆ. ಗಾರೆ ನೆಲದ ಮೇಲೆ ನೀವು ಕಾಲಿಟ್ಟ ಕೂಡಲೇ ಕೆಮ್ಮು ಶುರುವಾಗುತ್ತಿತ್ತಲ್ಲ, ಇನ್ನು ಆಗುವುದಿಲ್ಲ.

ಬಾಗಿಲ ಕೆಳಗಿನ ಸಂದಿಯಲ್ಲಿ ಗಾಳಿ ಹಾವಿನ ಹಾಗೆ ನುಗ್ಗುತ್ತಿತ್ತು. ಅದಕ್ಕೆ ಏನು ಮಾಡುವುದೆಂದು ತೋಚದೆ ಟ್ರಂಕು ತೆಗೆದೆ. ನಿಮ್ಮ ಕಾರ್ಖಾನೆಯ ನೀಲಿ ಯೂನಿಫಾರಂ ಸಿಕ್ಕಿತು, ಕಾರ್ಖಾನೆ ಮುಚ್ಚಿದರೂ ನೀವು ಎಸೆಯಲು ಬಿಡದ ಜೊತೆ. ಪ್ಯಾಂಟಿನ ಕಾಲು ಕತ್ತರಿಸಿ ಅದರೊಳಗೆ ಮರಳು ತುಂಬಿ ಹೊಲಿದು ಬಾಗಿಲ ಬುಡಕ್ಕೆ ಇಟ್ಟಿದ್ದೇನೆ. ಕೇಳದೆ ಕತ್ತರಿಸಿದೆ ಎನ್ನಬೇಡಿ. ಮೊಣಕಾಲಿನ ಹತ್ತಿರ ಎಣ್ಣೆಯ ಕಲೆ ಇನ್ನೂ ಹಾಗೇ ಇತ್ತು, ಎಷ್ಟು ಸೋಪು ಹಾಕಿ ತಿಕ್ಕಿದ್ದೆ ನಾನು ಅದನ್ನು. ಶರಟು ಹಾಗೇ ಇದೆ, ಅದನ್ನು ಮುಟ್ಟಿಲ್ಲ.

ನನ್ನ ಹಳೇ ವಾಯಿಲ್ ಸೀರೆಗಳನ್ನೆಲ್ಲ ಸೇರಿಸಿ ಒಂದು ಕೌದಿ ಹೊಲಿದಿದ್ದೇನೆ. ನಡುವೆ ನಿಮ್ಮ ಪಂಚೆಗಳು. ದಾರ ಪೋಣಿಸುವುದೇ ಕಷ್ಟವಾಯಿತು. ನೀವಿದ್ದಾಗ ನಿಮ್ಮ ಕೈಗೆ ಸೂಜಿ ಕೊಡುತ್ತಿದ್ದೆ, ನೀವು ಅದನ್ನು ಲೇತ್ ಮೆಷೀನಿಗೆ ಹಿಡಿದ ಹಾಗೆ ಬೆಳಕಿಗೆ ಹಿಡಿದು ಒಂದೇ ಸಲಕ್ಕೆ ಪೋಣಿಸುತ್ತಿದ್ದಿರಿ. ಈಗ ಗೋಡೌನಿಗೆ ಪಾರ್ಸೆಲ್ ತರುವ ಹುಡುಗಿಯರ ಕೈಯಲ್ಲಿ ನಾಲ್ಕೈದು ಸೂಜಿಗೆ ಒಟ್ಟಿಗೆ ಪೋಣಿಸಿ ಇಟ್ಟುಕೊಳ್ಳುತ್ತೇನೆ. ಅವರು ಸಂಜೆ ಶಟರ್ ಎಳೆದುಕೊಂಡು ಹೋದರೆ ಆಮೇಲೆ ಮನೆಯಲ್ಲಿ ಗಡಿಯಾರ ಬಿಟ್ಟರೆ ಸದ್ದು ಮಾಡುವವರು ಯಾರೂ ಇಲ್ಲ.

ಅವರೆಕಾಯಿ ಬಂದಿದೆ. ಬೀದಿಯೆಲ್ಲ ಸೊಗಡಿನ ವಾಸನೆ. ನಾನು ಇನ್ನೂ ತಂದಿಲ್ಲ. ಒಬ್ಬಳಿಗೋಸ್ಕರ ಯಾರು ನೆನೆಹಾಕಿ ಹಿತುಕುತ್ತಾರೆ? ನೀವು ಎದುರಿಗೆ ಕೂತು ಹಿತುಕುವಾಗ, ನನ್ನ ಕಾಳು ತಪ್ಪಲೆಗೆ ಬಿದ್ದರೆ ನಿಮ್ಮದು ಗೋಡೆಗೆ ಹಾರುತ್ತಿತ್ತು, ಅದಕ್ಕೆ ನಾನು ಬೈಯುತ್ತಿದ್ದೆ. ಡಿಕಾಕ್ಷನ್ ಈಗಲೂ ಇಬ್ಬರಿಗಾಗುವಷ್ಟೇ ಇಳಿಯುತ್ತದೆ. ಕೈ ಅಳತೆ, ಬದಲಾಗುವುದಿಲ್ಲ. ಉಳಿದದ್ದನ್ನು ಮಧ್ಯಾಹ್ನ ಬಿಸಿ ಮಾಡಿ ಕುಡಿಯುತ್ತೇನೆ. ಇದನ್ನು ಬರೆಯಬೇಕೆಂದು ಬರೆದದ್ದಲ್ಲ, ಬಂತು, ಬರೆದೆ. ಈ ಪುಟ ಗೌರಿಗೆ ತೋರಿಸಬೇಡಿ.

ನೀನೂ ಬಾರಮ್ಮ ಎಂದು ಗೌರಿ ಹೊರಡುವ ದಿನ ಕಾರಿನ ಬಾಗಿಲು ಹಿಡಿದುಕೊಂಡು ಕರೆದಳು, ನೀವೂ ನನ್ನ ಮುಖ ನೋಡಿದಿರಿ. ನಮ್ಮಮ್ಮ ನಮ್ಮ ಮನೆಗೆ ಬರುತ್ತಿದ್ದುದು ನಿಮಗೆ ನೆನಪಿದೆ. ಬುತ್ತಿ ಕಟ್ಟಿಕೊಂಡು ಬರುವಳು, ಜಗಲಿಯಲ್ಲಿ ಕೂತು ತನ್ನ ಬುತ್ತಿಯನ್ನು ತಾನೇ ಬಿಚ್ಚಿ ತಿಂದು, ಮಗುವಿನ ಕೈಗೆ ಒಂದು ನಾಣ್ಯ ಇಟ್ಟು, ಕೊನೆಯ ಬಸ್ಸಿಗೆ ಹೊರಟು ಬಿಡುವಳು. ಕೊಟ್ಟ ಮನೆಯಲ್ಲಿ ಹಾಸಿಗೆ ಹಾಸಬಾರದು, ಅಳಿಯನ ಅನ್ನ ಉಣ್ಣಬಾರದು ಎನ್ನುವುದು ನಮ್ಮ ಕಡೆಯ ಕಟ್ಟುಪಾಡು. ನೀವು ಉಣ್ಣುತ್ತಿದ್ದೀರಿ, ಕಾಯಿಲೆಯವರು, ಅದಕ್ಕೆ ನಾನೇನೂ ಅನ್ನುವುದಿಲ್ಲ. ಕಟ್ಟುಪಾಡು ಗಂಡಸರಿಗೆ ಯಾವಾಗಲೂ ಒಂದು ಗುಂಡಿ ಸಡಿಲವೇ. ನಾನು ನಮ್ಮಮ್ಮನ ಮಗಳು. ನನ್ನ ಮನೆಯಲ್ಲಿ ನಾನಿರುತ್ತೇನೆ. ನೀವು ಇಲ್ಲಿಗೆ ಬರಬೇಕು, ಅದು ಸರಿಯಾದ ದಾರಿ.

ಇನ್ನು ಉಳಿದದ್ದು ಒಂದೇ ಕೆಲಸ, ಅದನ್ನು ಈ ಸಂಜೆ ಮುಗಿಸುತ್ತೇನೆ. ಅಟ್ಟದ ಮೇಲಿದ್ದ ಅಗ್ಗಿಷ್ಟಿಕೆ ಇಳಿಸಿದೆ, ಗೌರಿ ಹುಟ್ಟಿದಾಗಿನ ನನ್ನ ಬಾಣಂತನದ್ದು, ನಮ್ಮಮ್ಮ ಕೊಟ್ಟದ್ದು. ಮೂಲೆಯ ಇಸ್ತ್ರಿ ಅಂಗಡಿಯ ಸೊಣ್ಣಪ್ಪನ ಹತ್ತಿರ ಇದ್ದಿಲು ತಂದೆ. ಅವನು ಕಾಗದದ ಚೀಲಕ್ಕೆ ತುಂಬುತ್ತಾ, "ಏನಮ್ಮಾ, ಮನೇಲಿ ಬಾಣಂತಿ ಇದಾರಾ?" ಎಂದ. ಹೌದಪ್ಪ, ಎಪ್ಪತ್ತು ವರ್ಷದ ಬಾಣಂತಿ, ಮೀಸೆ ಇದೆ, ಕುಂದಾಪುರದಿಂದ ಬರಬೇಕು ಎಂದೆ. ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ನಕ್ಕ. ನಾನು ನಗಲಿಲ್ಲ. ಸಂಜೆ ಕೆಂಡ ಮಾಡಿ, ಬಾಗಿಲು ಹಾಕಿ, ನಿಮ್ಮ ಮಂಚದ ಮೇಲೆ ಕೂತು ನೋಡುತ್ತೇನೆ. ನೀವು ಮರೆತು ಹೋದ ಮಂಕಿ ಟೋಪಿ ಇಲ್ಲೇ ಇದೆ, ಅದನ್ನೂ ಹಾಕಿಕೊಂಡೇ ಕೂರುತ್ತೇನೆ, ನಿಮ್ಮ ಹಾಗೆ. ಕೋಣೆ ಎಷ್ಟು ಬೆಚ್ಚಗಾಗುತ್ತದೆ ಎಂದು ತಿಳಿದ ಮೇಲೆ ಗೌರಿಗೆ ನಾನೇ ಹೇಳುತ್ತೇನೆ, ಬಂದು ನೋಡು ನಿನ್ನ ಫ್ರಿಜ್ಜು ಎಂದು.

ಇನ್ನೇನು ಧನುರ್ಮಾಸ ಶುರುವಾಗುತ್ತದೆ. ಸಂಕ್ರಾಂತಿಗೆ ಮುಂಚೆ ನೀವು ಇಲ್ಲಿರಬೇಕು. ಶಿವರಾತ್ರಿಗೆ ಚಳಿ ಶಿವ ಶಿವ ಎಂದು ಹೋಗುತ್ತದೆ ಎನ್ನುತ್ತಾರೆ, ಅಲ್ಲಿಯವರೆಗೆ ಕಾಯುವುದು ನಿಮ್ಮ ಮಗಳಿಗೆ ಸುಲಭ. ಔಷಧಿಯನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ. ಸಮುದ್ರದ ಹತ್ತಿರ ಸಂಜೆ ಹೋಗಬೇಡಿ. ಗೌರಿಗೂ ಅಳಿಯಂದಿರಿಗೂ ಆಶೀರ್ವಾದ. ಸಮೀಕ್ಷಾಗೆ ಜಡೆ ಬಿಗಿಯಾಗಿ ಹಾಕಲು ಹೇಳಿ, ಫೋಟೋದಲ್ಲಿ ಕೂದಲು ಹಾರುತ್ತಿತ್ತು. ದೇವರು ನಿಮ್ಮ ಎದೆಯನ್ನು ಹಗುರವಾಗಿಡಲಿ.

ಇಂತಿ,
ಸೀತಾಲಕ್ಷ್ಮಿ

ಮರೆತದ್ದು: ಇದು ಭಾನುವಾರ ಬರೆಯುತ್ತಿರುವುದು. ಮೇಲೆ ಬರೆದದ್ದನ್ನು ಹರಿದು ಹಾಕೋಣ ಎಂದುಕೊಂಡೆ, ಅಷ್ಟು ಬರೆದದ್ದು ಹಾಳಾಗುತ್ತದಲ್ಲ ಎಂದು ಬಿಟ್ಟಿದ್ದೇನೆ. ನೀವು ಬರಬೇಡಿ.

ಗಾಬರಿಯಾಗಬೇಡಿ, ನಾನು ಚೆನ್ನಾಗಿದ್ದೇನೆ. ಶುಕ್ರವಾರ ಸಂಜೆ ಹೇಳಿದ ಹಾಗೇ ಮಾಡಿದೆ. ಕೆಂಡ ಕೆಂಪಗೆ ಬಂತು, ಹೊಗೆ ಒಂದಿಷ್ಟೂ ಇರಲಿಲ್ಲ. ಬಾಗಿಲು ಎಳೆದು, ಮರಳಿನ ಕಾಲನ್ನು ಬುಡಕ್ಕೆ ಒತ್ತಿ, ಟೋಪಿ ಹಾಕಿಕೊಂಡು, ತುಳಸಿಗೆ ದೀಪ ಹಚ್ಚುವ ಹೊತ್ತಿಗೆ ಎದ್ದರಾಯಿತೆಂದು ಕೌದಿ ಹೊದ್ದು ಕೂತೆ. ತುಂಬ ಬೆಚ್ಚಗಾಯಿತು. ತಲೆ ಭಾರವಾಯಿತು. ಇಷ್ಟು ದಿನದ ಆಯಾಸ ಎಂದುಕೊಂಡೆ. ನೀವು ಪಕ್ಕದಲ್ಲಿ ಕೂತು ಪೇಪರು ಮಡಿಸುತ್ತಿದ್ದೀರಿ ಎಂದು ಅನ್ನಿಸಿತು. ಅದು ಸುಖವಾಗಿತ್ತು, ಅದಕ್ಕೇ ಏಳಲಿಲ್ಲ.

ಆಮೇಲೆ ಗೊತ್ತಾದದ್ದು, ಅಂಗಳದ ಕಲ್ಲಿನ ಮೇಲೆ ಮಲಗಿದ್ದೇನೆ, ಮುಖದ ಮೇಲೆ ತಣ್ಣೀರು, ಎದುರಿಗೆ ಪಿಳ್ಳಮ್ಮ. ಬಾಗಿಲಿಗೆ ಅಗುಳಿ ಹಾಕಿರಲಿಲ್ಲ, ಅದೇ ಪುಣ್ಯ. ರಟ್ಟನ್ನೆಲ್ಲ ಕಿತ್ತು ಎಸೆದು, ಅಗ್ಗಿಷ್ಟಿಕೆಯನ್ನು ಹೊರಗೆ ಇಟ್ಟಿದ್ದಳು. ಬೈದಳು. "ಮನೇನ ಡಬ್ಬ ಮಾಡ್ಕಂಡು ಒಳಗೆ ಕೆಂಡ ಇಟ್ಕಂಡು ಕುಂತ್ಕಂತಾರಾ ಅಕ್ಕ? ಇಂಗೇ ಒಂಟೋಗ್ಬುಟ್ಟಿದ್ರೆ ನಾನ್ ಯಾರತ್ರ ಜಗಳ ಆಡ್ಲಿ?" ಎಂದಳು. ಆಗ ನನಗೆ ಹೊಳೆಯಿತು. ಬಾಣಂತನ ನಡೆದದ್ದು ನಮ್ಮಮ್ಮನ ಹೆಂಚಿನ ಮನೆಯಲ್ಲಿ. ಹೆಂಚಿನ ಸಂದಿಯಲ್ಲಿ ಆಕಾಶ ಕಾಣುತ್ತಿತ್ತು, ಕೆಂಡದ ಕೆಟ್ಟ ಗಾಳಿ ತಾನಾಗಿ ಹೋಗುತ್ತಿತ್ತು. ಇಲ್ಲಿ ನಾನೇ ಒಂದು ಸಂದಿಯನ್ನೂ ಬಿಟ್ಟಿರಲಿಲ್ಲ. ನಿಮ್ಮ ಎದೆಯನ್ನು ಆ ಕೋಣೆಯಲ್ಲಿ ಕೂರಿಸಬೇಕೆಂದಿದ್ದೆ.

ನಿನಗೆ ಹೇಗೆ ತಿಳಿಯಿತು ಎಂದು ಪಿಳ್ಳಮ್ಮನನ್ನು ಕೇಳಿದೆ. "ದಿನಾ ನಮ್ಮನೆ ಮಾಡಿ ಮ್ಯಾಲಿಂದ ನಿನ್ ತುಳಸಿಕಟ್ಟೆ ದೀಪ ನೋಡ್ಕಂಡೇ ನಾನು ಟೀಗೆ ಇಡಾದು. ಇವತ್ತು ದೀಪ ಇರ್ಲಿಲ್ಲ" ಎಂದಳು. ಮಾತು ಬಿಟ್ಟ ಮೇಲೂ ನೋಡುತ್ತಿದ್ದಳು. ಅವತ್ತು ಅವಳ ಮನೆಯಲ್ಲೇ ಮಲಗಿದೆ, ಸೊಪ್ಪಿನ ಸಾರು ಮುದ್ದೆ ಹಾಕಿದಳು, ಉಂಡೆ. ಜಗಳವಾಡಿದವಳ ಮನೆಯಲ್ಲಿ ಹಾಸಿಗೆ ಹಾಸಿ, ಅನ್ನ ಉಂಡು ಎದ್ದ ಮೇಲೆ, ಹೆತ್ತ ಮಗಳ ಮನೆಯನ್ನು ಮಾತ್ರ ಬಿಡುವುದಕ್ಕೆ ನನಗೆ ಕಾರಣ ಸಿಗುತ್ತಿಲ್ಲ. ಹುಡುಕಿದೆ, ಸಿಗಲಿಲ್ಲ.

ನಾನೇ ಬರುತ್ತಿದ್ದೇನೆ. ಮುಂದಿನ ಶುಕ್ರವಾರ ರಾತ್ರಿಯ ಬಸ್ಸು. ನನ್ನ ಅಕ್ಕಿ, ರಾಗಿಹಿಟ್ಟು ನಾನೇ ತರುತ್ತೇನೆ, ಹಿಟ್ಟು ಇಬ್ಬರಿಗೂ ಶಿವರಾತ್ರಿಯವರೆಗೆ ಬರುವಷ್ಟು. ಅವರೆಕಾಯಿಯೂ ತರುತ್ತೇನೆ, ಗೋಡೆ ಅಳಿಯಂದಿರದ್ದು, ಹುಷಾರಾಗಿ ಹಿತುಕಬೇಕು. ದೀಪ ಹಚ್ಚುವುದನ್ನು ಪಿಳ್ಳಮ್ಮನಿಗೆ ಒಪ್ಪಿಸಿದ್ದೇನೆ. ಕೆಂಡದ ವಿಷಯ ಗೌರಿಗೆ ಹೇಳಕೂಡದು, ಅಳುತ್ತಾಳೆ. ಅಮ್ಮ ಬರಲಿ ಎಂದು ನೀವೇ ಹಟ ಮಾಡಿ ಕರೆಸಿದಿರಿ ಎಂದು ಹೇಳಿ. ಬೆಳಗ್ಗೆ ಬಸ್ ಸ್ಟ್ಯಾಂಡಿಗೆ ಅವಳನ್ನು ಕಳಿಸಿ. ನೀವು ಬರಬೇಡಿ, ಆ ಹೊತ್ತಿಗೆ ಮಂಜು ಇರುತ್ತದೆ, ನಿಮ್ಮ ಟೋಪಿ ನನ್ನ ಹತ್ತಿರ ಇದೆ.